ಜೀವವನ್ನರಿಯಲು ಜೀವವನ್ನು ತೆಗೆಯಬೇಕೇ?

ಶಾಲೆಯಲ್ಲಿ ಬೋಧಿಸುವ ವಿಷಯಗಳೊಳಗೆ ಜೀವಶಾಸ್ತ್ರಕ್ಕೆ ಬೇರೆಯೇ ಆದ ಒಂದು ಸ್ಥಾನವಿದೆ. ಗಣಿತವನ್ನು ಕಲಿಸುವಾಗ ಸಂಖ್ಯೆಗೆ ನೋವಾಗುವುದಿಲ್ಲ. ವ್ಯಾಕರಣವನ್ನು ಕಲಿಸುವಾಗ ಸಂಧಿಯನ್ನು ಎಷ್ಟು ಸಲ ಬಿಡಿಸಿದರೂ ಪದವು ಮರಳಿ ಕೂಡಿಕೊಳ್ಳುತ್ತದೆ. ಜೀವಶಾಸ್ತ್ರದಲ್ಲಿ ಹಾಗಲ್ಲ. ಒಮ್ಮೆ ಬಿಡಿಸಿದ ಜೀವಿಯನ್ನು ಕೂಡಿಸುವ ಸೂತ್ರ ಯಾವ ಗುರುವಿಗೂ ಗೊತ್ತಿಲ್ಲ. ಆದುದರಿಂದ ಈ ಶಾಸ್ತ್ರವನ್ನು ಹೇಳಿಕೊಡುವವನ ಮುಂದೆ ಉಳಿದ ಅಧ್ಯಾಪಕರ ಮುಂದಿಲ್ಲದ ಒಂದು ಪ್ರಶ್ನೆ ನಿಲ್ಲುತ್ತದೆ: ಜೀವವೆಂದರೇನೆಂದು ತಿಳಿಸಲು ಒಂದು ಜೀವವನ್ನು ತೆಗೆಯಬಹುದೇ?

ಈ ಪ್ರಶ್ನೆಯನ್ನು ನಾವು ಕಾಲೇಜಿನ ವಿದ್ಯಾರ್ಥಿಗಳ ಸಂಬಂಧವಾಗಿ ಎತ್ತುತ್ತಿಲ್ಲ. ಆರನೆಯ ತರಗತಿಯಿಂದ ಎಂಟನೆಯ ತರಗತಿಯವರೆಗಿನ, ಹನ್ನೊಂದರಿಂದ ಹದಿನಾಲ್ಕು ವರ್ಷದ ಮಕ್ಕಳ ಸಂಬಂಧವಾಗಿ ಎತ್ತುತ್ತಿದ್ದೇವೆ. ಮಗುವಿನ ಮನಸ್ಸಿನಲ್ಲಿ ಪ್ರಾಣಿ, ಸಸ್ಯ, ದೇಹ, ಸಾವು ಎಂಬ ಮಾತುಗಳಿಗೆ ಮೊದಲ ಬಾರಿಗೆ ಖಚಿತವಾದ ಅರ್ಥ ಕೂಡುವುದು ಈ ವಯಸ್ಸಿನಲ್ಲಿ. ಆಗ ಕೈಗೆ ಬಂದ ರೂಢಿ ಮುಂದೆ ಸುಲಭವಾಗಿ ಬಿಡುವುದಿಲ್ಲ.

ನಮ್ಮ ಕಾಲದ ಪ್ರಯೋಗಶಾಲೆಯೆಂದರೆ ಒಂದು ಬೀರು, ಅದರಲ್ಲಿ ಫಾರ್ಮಲಿನ್ ತುಂಬಿದ ಕೆಲವು ಗಾಜಿನ ಜಾಡಿಗಳು, ಮೇಣ ಹಾಕಿದ ಒಂದು ತಟ್ಟೆ, ಗುಂಡುಸೂಜಿಗಳು. ಮಳೆಗಾಲ ಬಂತೆಂದರೆ ಹಳ್ಳದ ಕಡೆಯಿಂದ ಕಪ್ಪೆ ಹಿಡಿದು ತರುವುದು ಹುಡುಗರಿಗೆ ಹೆಮ್ಮೆಯ ಕೆಲಸವಾಗಿತ್ತು. ಕಪ್ಪೆಯನ್ನು ಕೊಯ್ದು ಹೃದಯದ ಮೂರು ಕೋಣೆಗಳನ್ನು ತೋರಿಸಿದ ಅಧ್ಯಾಪಕನೇ ಸಮರ್ಥನೆಂಬ ನಂಬಿಕೆ ಅಂದು ಎಲ್ಲ ಕಡೆಗೂ ಇತ್ತು. ಈಗ ಕಾಲ ಬದಲಾಗಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗವು 2011ರಲ್ಲಿ ಪ್ರಾಣಿಗಳ ಅಂಗಚ್ಛೇದನವನ್ನು ಹಂತಹಂತವಾಗಿ ಕಡಿಮೆ ಮಾಡುವ ಮಾರ್ಗಸೂಚಿಯನ್ನು ಹೊರಡಿಸಿ, 2014ರಲ್ಲಿ ಪ್ರಾಣಿಶಾಸ್ತ್ರದ ಪದವಿ ತರಗತಿಗಳಲ್ಲಿಯೂ ಅದನ್ನು ನಿಲ್ಲಿಸಬೇಕೆಂದು ತಿಳಿಸಿತು. ಪದವಿಯಲ್ಲಿಯೇ ಬೇಡವೆಂದದ್ದು ಏಳನೆಯ ತರಗತಿಗೆ ಬೇಕೆಂದು ಯಾರೂ ವಾದಿಸಲಾರರು. ಹಾಗಾದರೆ ಪ್ರಶ್ನೆ ಮುಗಿಯಿತೇ? ಮುಗಿಯಲಿಲ್ಲ. ಆಜ್ಞೆಯಿಂದ ನಿಂತ ಕೆಲಸವು ಏಕೆ ನಿಂತಿತೆಂದು ಮಕ್ಕಳಿಗೆ ಹೇಳದಿದ್ದರೆ, ಅಲ್ಲಿ ನಿಂತಿರುವುದು ಕತ್ತರಿ ಮಾತ್ರ. ವಿವೇಕವಿನ್ನೂ ಹುಟ್ಟಿರುವುದಿಲ್ಲ.

ಕಾರಣವನ್ನು ಹೇಳುವುದು ಅಷ್ಟು ಸುಲಭವಲ್ಲ. ಒಮ್ಮೆ ಕುರಿಗಾರರ ಮನೆಯ ಒಬ್ಬ ಹುಡುಗ ಎದ್ದು ನಿಂತು, "ಸರ್, ಮನ್ಯಾಗ ಹಬ್ಬಕ್ಕ ಕುರಿ ಕೊಯ್ತೀವಿ. ಸಾಲ್ಯಾಗ ಕಪ್ಪಿ ಕೊಯ್ದ್ರ ಅದೆಂಗ ತಪ್ಪಾಗತೈತ್ರಿ?" ಎಂದು ಕೇಳಿದನು. ತರಗತಿಯಲ್ಲಿ ಕೆಲವರು ನಕ್ಕರು. ಆದರೆ ಅದು ನಗುವ ಮಾತಾಗಿರಲಿಲ್ಲ. ತತ್ತ್ವಶಾಸ್ತ್ರದ ಗ್ರಂಥಗಳಲ್ಲಿ ಪುಟಗಟ್ಟಲೆ ಚರ್ಚಿಸುವ ವಿಷಯವನ್ನು ಆ ಹುಡುಗ ಒಂದು ವಾಕ್ಯದಲ್ಲಿ ಮುಂದಿಟ್ಟಿದ್ದನು.

ಅವನ ಮಾತಿನ ಬಲವನ್ನು ನಾವು ಪೂರ್ಣವಾಗಿ ಒಪ್ಪಿಕೊಳ್ಳಬೇಕು. ನಮ್ಮ ಸೀಮೆಯ ಬದುಕನ್ನೇ ನೋಡಿರಿ. ಹತ್ತಿಯ ಹೊಲಕ್ಕೆ ಔಷಧ ಹೊಡೆದಾಗ ಕಾಯಿಕೊರಕ ಹುಳುಗಳು ಲೆಕ್ಕವಿಲ್ಲದಷ್ಟು ಸಾಯುತ್ತವೆ. ನಾರಾಯಣಪೇಟೆಯ ಸೀರೆ ದೇಶವೆಲ್ಲ ಹೆಸರಾದದ್ದು; ಅದರಲ್ಲಿ ರೇಷ್ಮೆಯ ನೂಲಿದ್ದರೆ, ಗೂಡಿನೊಳಗಿನ ಹುಳುವನ್ನು ಬಿಸಿನೀರಿನಲ್ಲಿ ಕೊಂದ ಮೇಲೆಯೇ ಆ ನೂಲು ನೇಕಾರನ ಕೈಗೆ ಬಂದಿರುತ್ತದೆ. ಕೃಷ್ಣೆಯ ದಂಡೆಯಲ್ಲಿ ಮೀನು ಹಿಡಿದು ಬದುಕುವ ಮನೆಗಳಿವೆ. ತರಗತಿಯಲ್ಲಿ ಒಂದೇ ಬೆಂಚಿನ ಮೇಲೆ ಮಾಂಸವನ್ನು ಮುಟ್ಟದ ಮನೆಯ ಮಗುವೂ, ಮಾಂಸವೇ ಹಬ್ಬದ ಊಟವಾದ ಮನೆಯ ಮಗುವೂ ಕುಳಿತಿರುತ್ತದೆ. ಕೊಲ್ಲುವುದೆಲ್ಲ ಪಾಪವೆಂದು ಗುರುವು ಸಾರಿದರೆ ಒಂದು ಮಗುವಿನ ತಂದೆತಾಯಿಗಳನ್ನು ತರಗತಿಯ ಮುಂದೆ ತಪ್ಪಿತಸ್ಥರನ್ನಾಗಿ ನಿಲ್ಲಿಸಿದಂತಾಗುತ್ತದೆ. ಕೊಲ್ಲುವುದರಲ್ಲಿ ಏನೂ ಇಲ್ಲವೆಂದರೆ ಇನ್ನೊಂದು ಮಗುವಿನ ಸಂಸ್ಕಾರವನ್ನು ಅಣಕಿಸಿದಂತಾಗುತ್ತದೆ. ಎರಡೂ ಅಧ್ಯಾಪಕನಿಗೆ ಸಲ್ಲದ ಕೆಲಸ.

ನಮಗೆ ತೋರುವ ಉತ್ತರವಿಷ್ಟು. ಕುರಿಗಾರನು ಹಸಿವಿಗಾಗಿ ಕೊಯ್ಯುತ್ತಾನೆ. ರೈತನು ಬೆಳೆಯ ರಕ್ಷಣೆಗಾಗಿ ಕೊಲ್ಲುತ್ತಾನೆ. ಇವರಿಬ್ಬರಿಗೂ ಅದರಿಂದ ಒಂದು ಬದುಕು ನಡೆಯುತ್ತದೆ. ಬೇರೆ ದಾರಿ ಇದೆಯೇ, ಎಷ್ಟಿದೆ ಎಂಬುದು ಅವರವರ ಮನೆಯ, ಕಾಲದ, ಬಡತನದ ಮಾತು. ಆದರೆ ಏಳನೆಯ ತರಗತಿಯ ಮೇಜಿನ ಮೇಲೆ ಸತ್ತ ಕಪ್ಪೆಯಿಂದ ಯಾವ ಬದುಕು ನಡೆಯಿತು? ಕಪ್ಪೆಯ ಹೃದಯಕ್ಕೆ ಮೂರು ಕೋಣೆಗಳೆಂಬುದು ಗುರುವಿಗೆ ಮೊದಲೇ ಗೊತ್ತಿತ್ತು, ಪುಸ್ತಕದಲ್ಲಿ ಮುದ್ರಿತವಾಗಿತ್ತು, ಗೋಡೆಯ ಚಿತ್ರಪಟದಲ್ಲಿ ಬಣ್ಣದಲ್ಲಿಯೇ ಇತ್ತು. ಅಲ್ಲಿ ನಡೆದದ್ದು ಶೋಧನೆಯಲ್ಲ, ಪ್ರದರ್ಶನ. ತಿಳಿದುದನ್ನೇ ಮತ್ತೆ ತೋರಿಸುವುದಕ್ಕಾಗಿ ಜೀವ ತೆಗೆಯುವುದಕ್ಕೂ, ಅನ್ನಕ್ಕಾಗಿ ತೆಗೆಯುವುದಕ್ಕೂ ಅಂತರವಿದೆ. ಈ ಅಂತರವನ್ನು ಮಗುವಿಗೆ ಕಾಣಿಸಿಕೊಟ್ಟರೆ ಸಾಕು. ಯಾರ ಮನೆಯ ಊಟದ ಮೇಲೂ ತೀರ್ಪು ಕೊಡುವ ಅಗತ್ಯವಿಲ್ಲ.

ಇಲ್ಲಿ ವಿಜ್ಞಾನದ ಪಕ್ಷದವರು ಎದ್ದು ಹೇಳುವ ಮಾತೊಂದಿದೆ. ಪ್ರಾಣಿಗಳನ್ನು ಬಳಸದೆ ವೈದ್ಯವಿದ್ಯೆ ಬೆಳೆಯುತ್ತಿತ್ತೇ? ಇಲ್ಲವೆಂದೇ ಹೇಳಬೇಕು. ರಕ್ತವು ದೇಹದಲ್ಲಿ ಸುತ್ತಿ ಬರುತ್ತದೆಂಬುದನ್ನು ಇಂಗ್ಲೆಂಡಿನ ವಿಲಿಯಂ ಹಾರ್ವೆ 1628ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸ್ಥಾಪಿಸಿದನು. ಅದಕ್ಕಾಗಿ ಅವನು ಅನೇಕ ಪ್ರಾಣಿಗಳನ್ನು ಕೊಯ್ದು ನೋಡಿದ್ದನು. 1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ನಾಯಿಗಳ ಮೇಲೆ ಪ್ರಯೋಗ ಮಾಡಿ ಇನ್ಸುಲಿನ್ನಿನ ದಾರಿಯನ್ನು ತೆರೆದರು. ಈ ಸಂಚಿಕೆಯನ್ನು ಓದುವ ನಮ್ಮ ವಯಸ್ಸಿನವರಲ್ಲಿ ಸಕ್ಕರೆ ಕಾಯಿಲೆಗೆ ಸೂಜಿ ಚುಚ್ಚಿಕೊಳ್ಳುವವರು ಅನೇಕರಿರಬಹುದು. ಅವರೆಲ್ಲರೂ ಆ ನಾಯಿಗಳ ಋಣದಲ್ಲಿದ್ದಾರೆ. ಇನ್ನೂ ಹತ್ತಿರದ ಉದಾಹರಣೆ ನಮ್ಮ ಹೊಲಗಳಲ್ಲಿಯೇ ಇದೆ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕು ಹಾವುಗಳ ವಿಷಕ್ಕೆ ಆಸ್ಪತ್ರೆಯಲ್ಲಿ ಕೊಡುವ ಪ್ರತಿವಿಷವು ಕುದುರೆಯ ರಕ್ತದಿಂದ ಬರುತ್ತದೆ. ಕುದುರೆಗೆ ಸ್ವಲ್ಪಸ್ವಲ್ಪವಾಗಿ ವಿಷವನ್ನು ಚುಚ್ಚಿ, ಅದರ ದೇಹವು ಆ ವಿಷದ ವಿರುದ್ಧ ಕಟ್ಟಿಕೊಂಡ ರಕ್ಷಣೆಯನ್ನು ನಾವು ಎರವಲು ಪಡೆಯುತ್ತೇವೆ. ರಾತ್ರಿ ಹೊಲಕ್ಕೆ ನೀರು ಕಟ್ಟಲು ಹೋಗಿ ಹಾವು ಕಡಿಸಿಕೊಂಡು ಬದುಕಿ ಬಂದ ರೈತನಿಗೆ ತಾನೊಂದು ಕುದುರೆಯ ಉಪಕಾರದಿಂದ ಉಳಿದೆನೆಂದು ಯಾರೂ ಹೇಳಿರುವುದಿಲ್ಲ. ಜೀವಶಾಸ್ತ್ರದ ಅಧ್ಯಾಪಕನು ಹೇಳಬೇಕು. ಋಣವನ್ನು ತಿಳಿಸದೆ ಉಪಯೋಗವನ್ನು ಮಾತ್ರ ತಿಳಿಸುವ ಪಾಠವು ಅರ್ಧ ಪಾಠ.

ಆದರೆ ಹಾರ್ವೆಗೆ ಉತ್ತರ ಗೊತ್ತಿರಲಿಲ್ಲ; ಬ್ಯಾಂಟಿಂಗನಿಗೂ ಗೊತ್ತಿರಲಿಲ್ಲ. ಅವರ ಪ್ರಯೋಗದ ಮರ್ಯಾದೆಯನ್ನು ನಮ್ಮ ತರಗತಿಯ ಪ್ರದರ್ಶನಕ್ಕೆ ತೊಡಿಸುವುದು ನ್ಯಾಯವಲ್ಲ. ವಿಜ್ಞಾನಿಗಳೇ ತಮ್ಮ ಕೈಗೆ ಹಿಡಿತವನ್ನು ಹಾಕಿಕೊಂಡಿದ್ದಾರೆ. 1959ರಲ್ಲಿ ರಸೆಲ್ ಮತ್ತು ಬರ್ಚ್ ಎಂಬ ಇಬ್ಬರು ಇಂಗ್ಲಿಷ್ ವಿದ್ವಾಂಸರು ಪ್ರಾಣಿಪ್ರಯೋಗಕ್ಕೆ ಮೂರು ನಿಯಮಗಳನ್ನು ಮುಂದಿಟ್ಟರು: ಪ್ರಾಣಿಯ ಬದಲಿಗೆ ಬೇರೆ ದಾರಿ ಇದ್ದರೆ ಅದನ್ನು ಹಿಡಿಯಬೇಕು, ಇಲ್ಲದಿದ್ದರೆ ಪ್ರಾಣಿಗಳ ಸಂಖ್ಯೆಯನ್ನು ಕಡಿಮೆ ಮಾಡಬೇಕು, ಅನಿವಾರ್ಯವಾದಲ್ಲಿ ನೋವನ್ನು ಕನಿಷ್ಠಗೊಳಿಸಬೇಕು. ಮೊದಲನೆಯ ನಿಯಮದಲ್ಲಿಯೇ ನಮ್ಮ ತರಗತಿಯ ಕಪ್ಪೆ ಬಿಡುಗಡೆಯಾಗಿಬಿಡುತ್ತದೆ. ಮುಂದೆ ವೈದ್ಯರಾಗುವವರಿಗೆ ಅಭ್ಯಾಸ ಬೇಡವೇ ಎಂದು ಕೆಲವರು ಕೇಳಬಹುದು. ನಲವತ್ತು ಮಕ್ಕಳಲ್ಲಿ ವೈದ್ಯರಾಗುವವರು ಒಬ್ಬರೋ ಇಬ್ಬರೋ. ಅವರು ವೈದ್ಯಕೀಯ ಕಾಲೇಜಿಗೆ ಹೋದಾಗ, ಬದುಕಿರುವಾಗಲೇ ತಾವಾಗಿ ದೇಹದಾನ ಮಾಡಿದ ಉದಾರಿಗಳ ಶರೀರದಿಂದ ಕಲಿಯುವ ಅವಕಾಶವಿದೆ. ಆ ದಾನಿ ಒಪ್ಪಿಗೆ ಕೊಟ್ಟಿರುತ್ತಾನೆ. ಕಪ್ಪೆಯಿಂದ ಯಾರೂ ಒಪ್ಪಿಗೆ ಪಡೆದಿಲ್ಲ.

ಇನ್ನು ಕೊಯ್ದರೆ ತಾನೇ ಒಳಗಿರುವುದು ತಿಳಿಯುತ್ತದೆ ಎಂಬ ನಂಬಿಕೆಯನ್ನು ಪರೀಕ್ಷಿಸೋಣ. 1665ರಲ್ಲಿ ರಾಬರ್ಟ್ ಹುಕ್ ಬೆಂಡಿನ ತೆಳುವಾದ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅಲ್ಲಿ ಕಂಡ ಪುಟ್ಟ ಗೂಡುಗಳಿಗೆ ಕೋಣೆ ಎಂಬರ್ಥದ ಹೆಸರಿಟ್ಟನು. ಆ ಹೆಸರೇ ಇಂದಿಗೂ ಇಂಗ್ಲಿಷಿನಲ್ಲಿ ನಡೆಯುತ್ತಿದೆ. ನಮ್ಮ ಜೀವಕೋಶ ಶಬ್ದವೂ ಅದರ ದಾರಿಯಲ್ಲಿಯೇ ಬಂದುದು. ಆದರೆ ಹುಕ್ ಕಂಡದ್ದು ಸತ್ತ ಜೀವಕೋಶಗಳ ಗೋಡೆಗಳನ್ನು, ಮನೆಯೊಡೆಯನಿಲ್ಲದ ಮನೆಯನ್ನು. ಅದಾದ ಕೆಲವು ವರ್ಷಗಳಲ್ಲಿ, 1674ರ ಸುಮಾರಿಗೆ, ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಲ್ಯೂವೆನ್‌ಹುಕ್ ಎಂಬಾತನು ಕೆರೆಯ ನೀರಿನ ಹನಿಯೊಂದನ್ನು ತನ್ನ ಮಸೂರದಡಿ ಇಟ್ಟು, ಅದರಲ್ಲಿ ಈಜಾಡುವ ಸೂಕ್ಷ್ಮಜೀವಿಗಳನ್ನು ಕಂಡನು. ಆತ ಪಂಡಿತನಲ್ಲ, ಬಟ್ಟೆಯ ವ್ಯಾಪಾರಿ. ಬಟ್ಟೆಯ ವ್ಯಾಪಾರಿಗಳು ನೂಲಿನ ಎಳೆಗಳನ್ನು ಮಸೂರದಿಂದ ಪರೀಕ್ಷಿಸುವುದು ಅಲ್ಲಿನ ರೂಢಿ. ನಾರಾಯಣಪೇಟೆಯ ನೇಕಾರರ ಮಕ್ಕಳಿಗೆ ಈ ಕಥೆಯನ್ನು ಹೇಳಿದಾಗ ಅವರ ಕಣ್ಣುಗಳು ಅರಳುವುದನ್ನು ನಾವು ಕಂಡಿದ್ದೇವೆ. ಎಳೆ ಎಣಿಸುವ ಕಣ್ಣು ಜೀವವನ್ನೂ ಎಣಿಸಿತು. ಸತ್ತುದನ್ನು ನೋಡಿದವನಿಗೆ ಗೋಡೆ ಕಂಡಿತು, ಬದುಕಿದ್ದುದನ್ನು ನೋಡಿದವನಿಗೆ ಚಲನೆ ಕಂಡಿತು. ಎರಡೂ ಜ್ಞಾನವೇ, ಆದರೆ ಜೀವಶಾಸ್ತ್ರದ ಬಾಗಿಲಲ್ಲಿ ನಿಂತ ಮಗುವಿಗೆ ಎರಡನೆಯದು ಮೊದಲು ಬೇಕು.

ಗಡಿನಾಡಿನ ಅಧ್ಯಾಪಕನಿಗೆ ಇಲ್ಲಿ ಇನ್ನೊಂದು ಹೊಣೆಯಿದೆ. ನಮ್ಮ ಹಿರಿಯರು ನಿಜಾಮರ ಆಳಿಕೆಯಲ್ಲಿ ಉರ್ದುವಿನಲ್ಲಿ ನಬಾತಾತ್, ಹೈವಾನಾತ್ ಎಂದು ಸಸ್ಯ ಪ್ರಾಣಿಗಳ ಪಾಠವನ್ನು ಓದಿದವರು. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯವು ಹಂಚಿಹೋದಾಗ ರಾಯಚೂರು ಆ ಕಡೆಗೆ, ಮಹಬೂಬನಗರ ಈ ಕಡೆಗೆ ಸೇರಿತು. ಮರಿಕಲ್, ಮಕ್ತಲ್, ಗದ್ವಾಲ ಸೀಮೆಯ ಕನ್ನಡದ ಮನೆಗಳು ತೆಲುಗಿನ ರಾಜ್ಯದಲ್ಲಿ ಉಳಿದವು. ನಮ್ಮ ಮಗು ಮನೆಯಲ್ಲಿ ಕಪ್ಪಿ ಎನ್ನುತ್ತದೆ, ಬೀದಿಯಲ್ಲಿ ಕಪ್ಪ ಎನ್ನುತ್ತದೆ, ಪುಸ್ತಕದಲ್ಲಿ ಕಪ್ಪೆ ಎಂದು ಓದುತ್ತದೆ, ಇಲ್ಲಿ ತೊಡಕಿಲ್ಲ. ಆದರೆ ತೆಲುಗಿನಲ್ಲಿ ಜೀವಕೋಶಕ್ಕೆ ಕಣಂ ಎನ್ನುತ್ತಾರೆ; ಕನ್ನಡದಲ್ಲಿ ಕಣವೆಂದರೆ ಧೂಳಿನ ಕಣವೂ ಆದೀತು. ಜೀವವುಳ್ಳದ್ದಕ್ಕೂ ಇಲ್ಲದ್ದಕ್ಕೂ ಒಂದೇ ಸದ್ದಿನ ಮಾತು ಮಗುವಿನ ಕಿವಿಯಲ್ಲಿ ಬೆರೆಯುತ್ತದೆ. ಆಗ ಶಬ್ದಾರ್ಥದಿಂದ ತಿಳಿಸುವುದಕ್ಕಿಂತ ಕಣ್ಣಿಗೆ ತೋರಿಸುವುದೇ ಲೇಸು. ಈರುಳ್ಳಿಯ ಪದರದಿಂದ ಪೊರೆಯೊಂದನ್ನು ಸುಲಿದು, ಒಂದು ಹನಿ ಅಯೋಡಿನ್ ಹಾಕಿ, ಸಾಧಾರಣ ಸೂಕ್ಷ್ಮದರ್ಶಕದಲ್ಲಿ ತೋರಿಸಿದರೆ ಸಾಲುಸಾಲಾದ ಕೋಶಗಳು ಕಾಣುತ್ತವೆ. ಮೂರು ಭಾಷೆಗಳ ತೊಡಕು ಒಂದು ನೋಟದಲ್ಲಿ ಬಿಡಿಸಿಕೊಳ್ಳುತ್ತದೆ.

ಕೊಲ್ಲದೆ ಕಲಿಸುವ ದಾರಿಗಳು ಇಂತಹವೇ, ಬಡ ಶಾಲೆಗೂ ಎಟುಕುವಂತಹವು. ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟ ಹೆಸರುಕಾಳು ಎರಡು ದಿನಗಳಲ್ಲಿ ಮೊಳೆಯುತ್ತದೆ. ನಿನ್ನೆಯವರೆಗೆ ಡಬ್ಬಿಯಲ್ಲಿ ಕಲ್ಲಿನಂತೆ ಬಿದ್ದಿದ್ದ ಕಾಳಿಗೆ ಜೀವವಿತ್ತೇ ಇರಲಿಲ್ಲವೇ ಎಂದು ಕೇಳಿ ಮಕ್ಕಳನ್ನು ವಾದಕ್ಕೆ ಬಿಡಬೇಕು. ಮಗು ತನ್ನ ಮಣಿಕಟ್ಟಿನ ನಾಡಿಯನ್ನು ಕುಳಿತಾಗ ಎಣಿಸಲಿ, ಮೈದಾನವನ್ನು ಒಂದು ಸುತ್ತು ಓಡಿ ಬಂದು ಮತ್ತೆ ಎಣಿಸಲಿ. ಹೃದಯವೇನು ಮಾಡುತ್ತದೆಂಬುದು ತನ್ನ ಎದೆಯಿಂದಲೇ ತಿಳಿಯುತ್ತದೆ. ಹೃದಯದ ಕೋಣೆಗಳನ್ನು ನೋಡಲೇಬೇಕೆಂದರೆ ಸಂತೆಯ ದಿನ ಮಾಂಸದಂಗಡಿಯಲ್ಲಿ ಊಟಕ್ಕಾಗಿ ಕೊಯ್ದ ಕುರಿಯ ಹೃದಯವಿದೆ. ಅದನ್ನು ನೋಡಲು ಒಲ್ಲದ ಮಗುವನ್ನು ಬಲವಂತ ಮಾಡಬಾರದು, ನೋಡುವ ಮಗುವನ್ನು ಹೀಯಾಳಿಸಗೊಡಬಾರದು. ಮಳೆಗಾಲದಲ್ಲಿ ವಾರಕ್ಕೊಮ್ಮೆ ಮಕ್ಕಳನ್ನು ಕೆರೆಯ ದಂಡೆಗೆ ಕರೆದೊಯ್ದರೆ, ಮೊಟ್ಟೆಗಳ ಲೋಳೆಯಿಂದ ಗೊದಮೊಟ್ಟೆ, ಗೊದಮೊಟ್ಟೆಗೆ ಮೊದಲು ಹಿಂಗಾಲು, ಆಮೇಲೆ ಮುಂಗಾಲು, ಕೊನೆಗೆ ಬಾಲವು ಕಳಚಿ ಬೀಳದೆ ದೇಹದೊಳಗೇ ಕರಗಿಹೋಗುವುದು, ಇಷ್ಟೂ ಕಣ್ಣೆದುರೇ ನಡೆಯುತ್ತದೆ. ಕೊಯ್ದ ಕಪ್ಪೆ ಒಂದು ಗಂಟೆಯ ಪಾಠ. ಬದುಕಿದ ಕಪ್ಪೆ ಒಂದು ಮಳೆಗಾಲದ ಪಾಠ.

ಆದರೂ ದಯೆಯೊಂದೇ ಸಾಕೆಂದು ನಾವು ಹೇಳುತ್ತಿಲ್ಲ. ಅರಿವಿಲ್ಲದ ದಯೆ ಹಲವು ಸಲ ಹಿಂಸೆಯೇ ಆಗುತ್ತದೆ. ಪಂಚಮಿಯ ದಿನ ಹಾವಾಡಿಗನ ಬುಟ್ಟಿಯ ಹಾವಿಗೆ ಹಾಲೆರೆಯುವವರ ಭಕ್ತಿ ನಿಜವಾದುದು. ಆದರೆ ಹಾವು ಹಾಲುಣ್ಣುವ ಪ್ರಾಣಿಯಲ್ಲ. ಬಾಯಾರಿಸಿ ತಂದ ಹಾವು ಎದುರಿಗೆ ಬಂದುದನ್ನು ಕುಡಿಯುತ್ತದೆ, ಆಮೇಲೆ ಬಳಲುತ್ತದೆ. ಮರುದಿನ ಅದೇ ಮನೆಯಂಗಳದಲ್ಲಿ ವಿಷವಿಲ್ಲದ ಕೇರೆಹಾವು ಕಂಡರೆ ಬಡಿಗೆ ಹಿಡಿದು ಓಡುತ್ತಾರೆ. ಪೂಜೆಯೂ ಅಜ್ಞಾನದಿಂದ, ಕೊಲೆಯೂ ಅಜ್ಞಾನದಿಂದ. ಯಾವುದು ಕೇರೆ, ಯಾವುದು ನಾಗರ ಎಂದು ಗುರುತಿಸಲು ಕಲಿಸಿದ ಅಧ್ಯಾಪಕನು ಅಹಿಂಸೆಯ ಉಪನ್ಯಾಸ ಮಾಡಿದವನಿಗಿಂತ ಹೆಚ್ಚು ಜೀವಗಳನ್ನು ಉಳಿಸುತ್ತಾನೆ, ಹಾವಿನದನ್ನೂ, ಮನುಷ್ಯನದನ್ನೂ.

ದಯೆಗೆ ಆಯ್ಕೆಯ ಕಷ್ಟವೂ ಇದೆ. ಮಹಬೂಬನಗರದ ಹತ್ತಿರದ ಪಿಲ್ಲಲಮರ್ರಿಯನ್ನು ಈ ಸೀಮೆಯವರು ಅರಿಯದಿರಲಾರರು. ಮಕ್ಕಳ ಆಲವೆಂಬ ಅರ್ಥದ ಹೆಸರಿನ, ಸುಮಾರು 700 ವರ್ಷ ಹಳೆಯದೆನ್ನುವ, ಮೂರು ಎಕರೆಗೂ ಹೆಚ್ಚು ಹರಡಿದ ಆ ಆಲದ ಮರಕ್ಕೆ ಗೆದ್ದಲು ಹತ್ತಿ, 2017ರ ಡಿಸೆಂಬರಿನಲ್ಲಿ ಕೊಂಬೆ ಮುರಿದು ಬಿದ್ದು, ನೋಡಬಂದವರನ್ನು ಒಳಗೆ ಬಿಡುವುದನ್ನು ನಿಲ್ಲಿಸಬೇಕಾಯಿತು. 2018ರಲ್ಲಿ ಅರಣ್ಯ ಇಲಾಖೆಯವರು ಆಸ್ಪತ್ರೆಯಲ್ಲಿ ರೋಗಿಗೆ ಸಲೈನ್ ಏರಿಸುವಂತೆ ಬಾಟಲಿಗಳನ್ನು ತೂಗುಹಾಕಿ, ತಿಳಿಯಾಗಿ ಬೆರೆಸಿದ ಗೆದ್ದಲಿನ ಔಷಧವನ್ನು ಹನಿಹನಿಯಾಗಿ ಮರದೊಳಗೆ ಇಳಿಸಿದರು. ಪತ್ರಿಕೆಗಳಲ್ಲಿ ಚಿತ್ರ ಬಂದಾಗ ಎಲ್ಲರೂ ಮೆಚ್ಚಿದರು. ಮೆಚ್ಚತಕ್ಕದ್ದೇ. ಆದರೆ ಗೆದ್ದಲಿಗೂ ಜೀವವಿದೆಯಲ್ಲ ಎಂದು ಮಗು ಕೇಳಿದರೆ ಏನು ಹೇಳಬೇಕು? ಹೌದು, ಇದೆ ಎಂದೇ ಹೇಳಬೇಕು. ಗೆದ್ದಲು ಕೆಟ್ಟದ್ದಲ್ಲ, ಒಣಗಿ ಬಿದ್ದುದನ್ನು ಮಣ್ಣಿಗೆ ಮರಳಿಸುವ ಅದರ ಕೆಲಸವಿಲ್ಲದೆ ಕಾಡೇ ಉಳಿಯದು. ಆದರೂ ಅಲ್ಲಿ ಒಂದನ್ನು ಉಳಿಸಲು ಇನ್ನೊಂದನ್ನು ಕೊಲ್ಲಬೇಕಾಯಿತು. ತೂಗಿ ನೋಡಿ, ತಿಳಿದು, ಅಗತ್ಯವಾದಷ್ಟೇ ಮಾಡಿದ ಕೆಲಸವದು. ಕೊಲ್ಲಲೇಬಾರದೆಂಬ ಸೂತ್ರವಾಗಲಿ, ಕೊಂದರೇನೆಂಬ ಉಡಾಫೆಯಾಗಲಿ ಆ ಮರವನ್ನು ಉಳಿಸುತ್ತಿರಲಿಲ್ಲ.

ಸಸ್ಯಕ್ಕೂ ಜೀವವಿದ್ದರೆ ಪಲ್ಯವನ್ನು ಏಕೆ ಕೊಯ್ಯುತ್ತೀರಿ ಎಂಬುದು ಮಕ್ಕಳ ಇನ್ನೊಂದು ಪ್ರಶ್ನೆ. ಜಗದೀಶಚಂದ್ರ ಬೋಸರು 1901ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಸಸ್ಯಗಳೂ ಪ್ರಚೋದನೆಗೆ ಪ್ರತಿಕ್ರಿಯೆ ತೋರುತ್ತವೆಂದು ಪ್ರಯೋಗ ಸಹಿತ ತೋರಿಸಿದರು. ಅದನ್ನು ಹೇಳುವಾಗ ಉತ್ಸಾಹದಲ್ಲಿ ಗಿಡ ಅಳುತ್ತದೆ, ನೋಯುತ್ತದೆ ಎಂದು ಕಥೆ ಬೆಳೆಸಬಾರದು. ನಮ್ಮಂತೆ ನರಮಂಡಲವಾಗಲಿ ಮೆದುಳಾಗಲಿ ಗಿಡಕ್ಕಿಲ್ಲ. ಪ್ರತಿಕ್ರಿಯೆ ಬೇರೆ, ವೇದನೆ ಬೇರೆ. ಕಪ್ಪೆಗೆ ಎರಡೂ ಉಂಟು. ಜೀವವು ಎಲ್ಲದರಲ್ಲಿಯೂ ಇದ್ದರೂ ನೋಯುವ ಶಕ್ತಿ ಎಲ್ಲದರಲ್ಲಿ ಒಂದೇ ಸಮನಾಗಿಲ್ಲ. ಈ ಸೂಕ್ಷ್ಮವನ್ನು ಮಕ್ಕಳಿಗೆ ಹೇಳಿಕೊಡಲು ದಯೆಯೂ ಬೇಕು, ಸತ್ಯವೂ ಬೇಕು. ದಯೆಯ ಹೆಸರಿನಲ್ಲಿ ಸುಳ್ಳನ್ನು ಕಲಿಸಿದರೆ, ಸುಳ್ಳು ತಿಳಿದ ದಿನ ಮಗು ದಯೆಯನ್ನೂ ಬಿಟ್ಟುಬಿಡುತ್ತದೆ.

ಕಪ್ಪೆಯ ವಿಷಯದಲ್ಲಿ ನಮ್ಮ ದೇಶವೇ ಒಂದು ಪಾಠವನ್ನು ಕಲಿತಿದೆ. ಹಿಂದೆ ಹೊರದೇಶಗಳ ಊಟದ ಮೇಜಿಗೆ ಇಲ್ಲಿಂದ ಕಪ್ಪೆಗಾಲುಗಳು ಹಡಗಿನಲ್ಲಿ ಹೋಗುತ್ತಿದ್ದವು. ಗದ್ದೆಯ ಕೀಟಗಳನ್ನು ತಿನ್ನುವ ಕಪ್ಪೆಗಳನ್ನು ಮಾರಿ, ಅದೇ ಕೀಟಗಳನ್ನು ಕೊಲ್ಲಲು ಔಷಧವನ್ನು ಕೊಳ್ಳುವುದು ಯಾವ ಲೆಕ್ಕಾಚಾರ ಎಂಬ ಪ್ರಶ್ನೆ ಎದ್ದಿತು. 1987ರಲ್ಲಿ ಸರ್ಕಾರವು ಆ ರಫ್ತನ್ನು ನಿಷೇಧಿಸಿತು. ಇಲ್ಲಿ ಕರುಣೆ ಹೇಳಿದ್ದೂ ವಿಜ್ಞಾನ ಹೇಳಿದ್ದೂ ಒಂದೇ ಆಯಿತು.

ಒಂದೇ ಆಗುವುದು ಆಕಸ್ಮಿಕವಲ್ಲವೆಂದು ನಮ್ಮ ಭಾವನೆ. 1976ರ ನಲವತ್ತೆರಡನೆಯ ತಿದ್ದುಪಡಿಯಿಂದ ನಮ್ಮ ಸಂವಿಧಾನಕ್ಕೆ ಸೇರಿದ 51ಎ ಅನುಚ್ಛೇದದಲ್ಲಿ ಪ್ರಜೆಗಳ ಮೂಲಭೂತ ಕರ್ತವ್ಯಗಳಿವೆ. ಪ್ರಕೃತಿಯನ್ನು ಕಾಪಾಡಿ ಜೀವಿಗಳಲ್ಲಿ ಅನುಕಂಪ ತೋರುವುದು ಒಂದು ಕರ್ತವ್ಯ. ಅದರ ಮರುಸಾಲಿನಲ್ಲಿಯೇ ವೈಜ್ಞಾನಿಕ ಮನೋಭಾವವನ್ನೂ ಜಿಜ್ಞಾಸೆಯನ್ನೂ ಬೆಳೆಸಿಕೊಳ್ಳುವುದು ಇನ್ನೊಂದು ಕರ್ತವ್ಯ. ಒಂದರ ಪಕ್ಕದಲ್ಲಿ ಒಂದು ಕುಳಿತಿವೆ. ಮೊದಲನೆಯದನ್ನು ನೀತಿಪಾಠದ ಅವಧಿಗೂ ಎರಡನೆಯದನ್ನು ವಿಜ್ಞಾನದ ಅವಧಿಗೂ ನಾವು ಹಂಚಿಬಿಟ್ಟಿದ್ದೇವೆ. ಎರಡೂ ಒಂದೇ ಅವಧಿಯಲ್ಲಿ, ಒಬ್ಬನೇ ಗುರುವಿನ ಬಾಯಿಂದ ಬರಬಹುದಾದ ಸ್ಥಳವೆಂದರೆ ಜೀವಶಾಸ್ತ್ರದ ತರಗತಿ.

ಕುರಿಗಾರರ ಹುಡುಗನ ಪ್ರಶ್ನೆಗೆ ನಾವು ಕೊಟ್ಟ ಉತ್ತರವನ್ನು ಅವನು ಪೂರ್ತಿಯಾಗಿ ಒಪ್ಪಿದನೆಂದು ಹೇಳಲಾರೆವು. "ಹಸಿವು ಅಂದ್ರ ಒಪ್ತೀನ್ರಿ, ಹಬ್ಬ ಅಂದ್ರ?" ಎಂದು ಅವನು ಮತ್ತೆ ಕೇಳಿದನು. ಆ ಪ್ರಶ್ನೆಯನ್ನು ಅವನ ಮನೆಗೂ ನಮ್ಮ ಮನೆಗೂ ಬಿಟ್ಟೆವು. ಪ್ರಶ್ನೆಗಳೆಲ್ಲ ಶಾಲೆಯ ಗಂಟೆ ಹೊಡೆಯುವುದರೊಳಗೆ ಮುಗಿಯಬೇಕೆಂದಿಲ್ಲ. ಆದರೆ ಪ್ರಶ್ನೆ ಕೇಳುವ ಧೈರ್ಯವನ್ನೂ, ನೋಯುವ ಜೀವದ ಎದುರು ಒಂದು ಕ್ಷಣ ಕೈ ತಡೆಯುವ ಅಭ್ಯಾಸವನ್ನೂ ಹೊತ್ತುಕೊಂಡು ಮಗು ಶಾಲೆಯಿಂದ ಹೊರಬಿದ್ದರೆ ಅಧ್ಯಾಪಕನ ಸಂಬಳ ಸಾರ್ಥಕವಾದಂತೆ.

ಗಡಿಯಾಚೆಯ ಈ ನೆಲದಲ್ಲಿ ಕನ್ನಡದ ಶಾಲೆಗಳನ್ನು ಉಳಿಸಿಕೊಳ್ಳಬೇಕೆಂದು ಸಮ್ಮೇಳನಗಳಲ್ಲಿ ನಾವೆಲ್ಲ ಒಕ್ಕೊರಲಿನಿಂದ ಹೇಳುತ್ತೇವೆ. ಉಳಿದ ಶಾಲೆಯೊಳಗೆ ಕನ್ನಡದಲ್ಲಿ ಏನನ್ನು ಕಲಿಸುತ್ತೇವೆ ಎಂಬುದೂ ಅಷ್ಟೇ ಮುಖ್ಯವಾದ ಮಾತು. ಕವಿತೆ, ಕಥೆಗಳು ಇರಲಿ. ಜೊತೆಗೆ ಮರಿಕಲ್ಲಿನ ಒಂದು ಮಗು ಕೆರೆಯ ದಂಡೆಯಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಗೊದಮೊಟ್ಟೆಗೆ ಇವತ್ತು ಕಾಲು ಮೂಡಿದೆಯೇ ಎಂದು ತನ್ನ ಕನ್ನಡದಲ್ಲಿ ಬರೆದಿಟ್ಟುಕೊಳ್ಳಲಿ. ಆ ಬರಹವೂ ಸಾಹಿತ್ಯದ ಹತ್ತಿರದ ನೆಂಟನೇ ಎಂದು ನಾವು ತಿಳಿಯುತ್ತೇವೆ.